‘ಮನೆ ನಮಗೇ ಬೇಕು’ ಎಂದರೆ ಬಾಡಿಗೆದಾರ ಪ್ರಶ್ನಿಸಬಹುದೇ?

ಮಗನ ಮದುವೆ ನಿಶ್ಚಯವಾಗಿದೆ, ಮನೆ ನಮಗೇ ಬೇಕು, ತಿಂಗಳೊಳಗೆ ಖಾಲಿ ಮಾಡಿ. ನಗರಗಳಲ್ಲಿ ಬಾಡಿಗೆದಾರರು ಆಗಾಗ ಕೇಳುವ ಮಾತಿದು. ಕಾರಣ ನಿಜವೂ ಇರಬಹುದು, ಹೆಚ್ಚಿನ ಬಾಡಿಗೆಗೆ ಬೇರೊಬ್ಬರನ್ನು ತರುವ ನೆಪವೂ ಇರಬಹುದು. ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶ ಇದೆಯೇ ಎಂಬುದು ಮೊದಲಿಗೆ ಬಾಡಿಗೆಯ ಮೊತ್ತವನ್ನು ಅವಲಂಬಿಸಿದೆ.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ವಾಸದ ಮನೆಗಳು ಅದರ ವ್ಯಾಪ್ತಿಗೆ ಹೊರಗು. ವಾಣಿಜ್ಯ ಮಳಿಗೆಯಾದರೆ 14 ಚದರ ಮೀಟರ್ ಮೀರುವಂತಿಲ್ಲ. ಇಂದಿನ ಬಾಡಿಗೆ ದರ ನೋಡಿದರೆ, ರಕ್ಷಣೆ ಉಳಿದಿರುವುದು ಮುಖ್ಯವಾಗಿ ಹಳೆಯ ಬಾಡಿಗೆದಾರರಿಗೆ ಎನ್ನಬೇಕಾಗುತ್ತದೆ.

ಈ ವ್ಯಾಪ್ತಿಯಲ್ಲಿರುವವರ ವಿರುದ್ಧ ಮಾಲೀಕರು ಸಾಮಾನ್ಯವಾಗಿ ಬಳಸುವುದು 27(2)(ಆರ್) ಕಲಮನ್ನು. ತನಗೆ ಅಥವಾ ಕುಟುಂಬದವರಿಗೆ ಮನೆ ಬೇಕಾಗಿದೆ, ಸೂಕ್ತವಾದ ಬೇರೆ ವಸತಿ ಇಲ್ಲ ಎಂಬುದು ಅದರ ತಿರುಳು. ಇಲ್ಲೊಂದು ತೊಡಕಿದೆ. ತನಗೆ ಅಥವಾ ತನ್ನ ಅವಲಂಬಿತರಿಗೆ ಮನೆ ಬೇಕೆಂದು ಮಾಲೀಕ ಪ್ರಮಾಣಪತ್ರ ಸಲ್ಲಿಸಿದರೆ, ಆ ಅಗತ್ಯ ಇದೆಯೆಂದೇ ನ್ಯಾಯಾಲಯ ಭಾವಿಸಬೇಕು. ಅದನ್ನು ಸುಳ್ಳೆಂದು ತೋರಿಸುವ ಹೊಣೆ ಬಾಡಿಗೆದಾರನ ಹೆಗಲಿಗೆ ಬೀಳುತ್ತದೆ. 1961ರ ಹಳೆಯ ಕಾಯ್ದೆಯಲ್ಲಿ, ತೆರವಿನಿಂದ ಯಾರಿಗೆ ಹೆಚ್ಚು ಕಷ್ಟ ಎಂದು ತೂಗಿ ನೋಡುವ ಅವಕಾಶವಿತ್ತು. ಈಗ ಆ ಆಸರೆಯಿಲ್ಲ.

ಹಾಗೆಂದು ಪ್ರಕರಣ ಅಲ್ಲಿಗೇ ಮುಗಿಯುವುದಿಲ್ಲ. ಅಗತ್ಯ ಪ್ರಾಮಾಣಿಕವಾಗಿರಬೇಕು, ಕೇವಲ ಬಯಕೆಯಾಗಿರಬಾರದು ಎಂದು ಶಿವ ಸರೂಪ್ ಗುಪ್ತಾ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಊರಿನಲ್ಲಿ ಮಾಲೀಕನಿಗೆ ಖಾಲಿ ಮನೆ ಇದೆ, ಇತ್ತೀಚೆಗೆ ತೆರವಾದ ಭಾಗವನ್ನು ಬೇರೆಯವರಿಗೆ ಕೊಟ್ಟಿದ್ದಾನೆ, ಬಾಡಿಗೆ ಏರಿಸಲು ಒಪ್ಪದಿದ್ದ ಮೇಲೆಯೇ ಅರ್ಜಿ ಹಾಕಿದ್ದಾನೆ. ಇಂಥವನ್ನು ದಾಖಲೆ ಹಾಗೂ ಪಾಟೀಸವಾಲಿನ ಮೂಲಕ ಹೊರತರಬೇಕು. ಬರಿಯ ಅನುಮಾನ ಸಾಲದು. ಇರುವ ಮನೆಗಳಲ್ಲಿ ಯಾವುದು ತನಗೆ ಅನುಕೂಲ ಎಂಬುದನ್ನು ಮಾಲೀಕನೇ ತೀರ್ಮಾನಿಸಬೇಕು, ಬಾಡಿಗೆದಾರ ಸಲಹೆ ನೀಡುವಂತಿಲ್ಲ ಎಂಬುದೂ ಸ್ಥಾಪಿತ ನಿಲುವೇ. ಅಗತ್ಯವನ್ನು ಅಳೆಯುವುದು ಅರ್ಜಿ ಸಲ್ಲಿಸಿದ ದಿನಕ್ಕೆ ಎಂದು ಗಯಾ ಪ್ರಸಾದ್ ಪ್ರಕರಣದಲ್ಲಿ (2001) ತೀರ್ಪಾಗಿದೆ. ವಿಚಾರಣೆಯನ್ನು ವರ್ಷಗಟ್ಟಲೆ ಎಳೆದು, ಅಷ್ಟರಲ್ಲಿ ಮಗ ಬೇರೆಡೆ ನೆಲೆಸಿದ ಎಂದು ವಾದಿಸುವುದರಿಂದ ಹೆಚ್ಚಿನ ಲಾಭವಿಲ್ಲ.

ಮೊಕದ್ದಮೆ ನಡೆಯುವಾಗ ಬಾಡಿಗೆ ನಿಲ್ಲಿಸುವುದು ದೊಡ್ಡ ತಪ್ಪು. ಬಾಕಿ ಪಾವತಿಸದವರು ವಾದ ಮಂಡಿಸುವ ಹಕ್ಕನ್ನೇ ಕಳೆದುಕೊಳ್ಳಬಹುದು. ಮಾಲೀಕ ತೆಗೆದುಕೊಳ್ಳಲು ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಠೇವಣಿ ಇಡಬೇಕು.

ಇನ್ನು ಕಾಯ್ದೆಯ ವ್ಯಾಪ್ತಿಗೆ ಹೊರಗಿರುವವರು. ಅವರಿಗೆ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸ್ ಸಾಕು. ಮಾಲೀಕ ಕಾರಣ ಹೇಳಬೇಕಿಲ್ಲವಾದ್ದರಿಂದ ‘ಸ್ವಂತ ಅಗತ್ಯ’ದ ಚರ್ಚೆಯೇ ಏಳದು. ಆದರೂ ಬೀಗ ಬದಲಿಸಿ ಹೊರಹಾಕುವಂತಿಲ್ಲ, ನ್ಯಾಯಾಲಯದ ಡಿಕ್ರಿ ಬೇಕೇ ಬೇಕು. ಬಲವಂತವಾಗಿ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ಮರಳಿ ಕೋರಿ ದಾವೆ ಹೂಡಬಹುದು. ಅದಕ್ಕಿರುವ ಕಾಲಮಿತಿ ಆರು ತಿಂಗಳು.