ಫ್ಲಾಟು ನಮ್ಮದು, ನೆಲ ಯಾರದು?

ಬೆಳೆಗಾರರ ಮನೆಯ ಮಕ್ಕಳು ಈಗ ಓದಿಗೂ ನೌಕರಿಗೂ ದೂರದ ಊರುಗಳನ್ನು ಸೇರುತ್ತಿದ್ದಾರೆ. ಬಳ್ಳಾರಿಯ ವೈದ್ಯಕೀಯ ಕಾಲೇಜು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅಂಥವರನ್ನು ಕರೆಯುವ ತಾಣಗಳು. ಅಡಿಕೆಗೋ ಕಾಫಿಗೋ ಒಳ್ಳೆಯ ಬೆಲೆ ಬಂದ ವರ್ಷ, ‘ಮಗಳಿಗೆ ಅಲ್ಲೊಂದು ಫ್ಲಾಟು ಮಾಡಿಕೊಡೋಣ’ ಎಂಬ ಮಾತು ಮನೆಯಲ್ಲಿ ಏಳುವುದು ಸಹಜ. ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ, ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಾವು ಕೊಳ್ಳುತ್ತಿರುವುದು ಮನೆಯನ್ನೋ, ಅಲ್ಲಿ ಇರಬಹುದಾದ ವರ್ಷಗಳನ್ನೋ?

‘ಲೀಸ್’ ಎಂಬ ಒಂದೇ ಮಾತಿನಲ್ಲಿ ಮೂರು ಬಗೆಯ ವ್ಯವಹಾರಗಳು ಅಡಗಿವೆ.

ಮೊದಲನೆಯದು ಭೋಗ್ಯ. ಇಡಿಗಂಟು ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವ ಕ್ರಮ. ಇದರಲ್ಲಿ ಒಡೆತನದ ಮಾತೇ ಇಲ್ಲ.

ಎರಡನೆಯದು ‘ಲೀಸ್ ಕಂ ಸೇಲ್’. ನಗರಾಭಿವೃದ್ಧಿ ಪ್ರಾಧಿಕಾರ, ಗೃಹ ಮಂಡಳಿಗಳು ಹಂಚಿದ ಆಸ್ತಿಗಳಲ್ಲಿ ಈ ಪತ್ರ ಕಾಣುತ್ತದೆ; ಅವಧಿ ಸಾಮಾನ್ಯವಾಗಿ 10 ವರ್ಷ. ಷರತ್ತು ಪಾಲಿಸಿ ಬಾಕಿ ತೀರಿಸಿದ ಮೇಲೆ ಶುದ್ಧ ಕ್ರಯಪತ್ರ ದೊರೆಯುತ್ತದೆ. ಅಲ್ಲಿಯವರೆಗೆ ಹಂಚಿಕೆದಾರನು ಗುತ್ತಿಗೆದಾರನೇ. ಅಂಥವರಿಂದ ಬರೇ ಕರಾರು, ಮುಕ್ತಿಯಾರ್ ಪತ್ರಗಳ ಮೇಲೆ ಕೊಂಡರೆ ಒಡೆತನ ಬಾರದು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿದೆ.

ಮೂರನೆಯದು 30 ಅಥವಾ 99 ವರ್ಷಗಳಂಥ ದೀರ್ಘ ಗುತ್ತಿಗೆ. ನೆಲ ಸರ್ಕಾರದ್ದೋ ಸಂಸ್ಥೆಯದೋ ಆಗಿರುತ್ತದೆ. ಕೊಳ್ಳುವವನಿಗೆ ಸಿಗುವುದು ಉಳಿದ ವರ್ಷಗಳು ಮಾತ್ರ. 99 ವರ್ಷದಲ್ಲಿ 70 ಕಳೆದಿದ್ದರೆ, ಕೊಂಡದ್ದು 29 ವರ್ಷ. ದೆಹಲಿಯ ಅಭಿವೃದ್ಧಿ ಪ್ರಾಧಿಕಾರದ ಫ್ಲಾಟುಗಳು ಹೀಗೆ ಗುತ್ತಿಗೆಯವಾಗಿದ್ದವು. ಶುಲ್ಕ ಕಟ್ಟಿ ಪೂರ್ಣ ಒಡೆತನಕ್ಕೆ ಬದಲಿಸಿಕೊಳ್ಳುವ ಅವಕಾಶ ಅಲ್ಲಿ 1992ರಲ್ಲಿ ಬಂದಿತು. ಅಂಥ ಅವಕಾಶ ಎಲ್ಲೆಡೆ ಇರುತ್ತದೆಂದು ನಂಬಬಾರದು.

ಬೆಳೆಗಾರರಿಗೆ ಇದು ತಿಳಿಯದ ಲೆಕ್ಕವಲ್ಲ. ಫಸಲಿಗೇ ಐದಾರು ವರ್ಷ ಬೇಡುವ ಅಡಿಕೆಯನ್ನು, ಹತ್ತು ವರ್ಷಕ್ಕೆ ಬಿಟ್ಟುಕೊಡಬೇಕಾದ ನೆಲದಲ್ಲಿ ಯಾರು ನೆಡುತ್ತಾರೆ?

ಇಲ್ಲಿ ನಮ್ಮವರು ಎಡವುವ ಇನ್ನೊಂದು ಕಡೆಯಿದೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಡಿಕ್ಲರೇಷನ್ ಕೊಟ್ಟ ಗೇಣಿದಾರ ಒಡೆಯನಾದುದನ್ನು ಹಿರಿಯರು ಕಂಡಿದ್ದಾರೆ. ಮಲೆನಾಡಿನ ತೋಟ ಗದ್ದೆಗಳಂತೆ ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳಿಗೂ ಆ ಕಾನೂನು ಅನ್ವಯಿಸಿತು. ಆದರೆ ಅದು ಉಳುವ ನೆಲದ ಕಾನೂನು. ಎಷ್ಟು ವರ್ಷ ವಾಸವಿದ್ದರೂ ಫ್ಲಾಟಿನ ಗುತ್ತಿಗೆದಾರನನ್ನು ಅದು ಒಡೆಯನನ್ನಾಗಿ ಮಾಡದು. ನವೀಕರಣ ಆಗದಿದ್ದರೆ, ಅವಧಿ ಮುಗಿದೊಡನೆ ಸ್ವಾಧೀನ ಬಿಟ್ಟುಕೊಡಬೇಕೆಂಬುದೇ 1882ರ ಆಸ್ತಿ ವರ್ಗಾವಣೆ ಅಧಿನಿಯಮದ ನಿಯಮ.

ಪೂರ್ಣ ಕ್ರಯದ ಫ್ಲಾಟಿನಲ್ಲೂ ನಾಲ್ಕು ಗೋಡೆಯಷ್ಟೇ ನಮ್ಮದಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರಂತೆ ಮೆಟ್ಟಿಲು, ಅಂಗಳ ಮೊದಲಾದ ಸಾಮಾನ್ಯ ಭಾಗಗಳಲ್ಲಿ ಅವಿಭಕ್ತ ಪಾಲೂ ಸೇರಿರುತ್ತದೆ. ನೆಲವೇ ಗುತ್ತಿಗೆಯದಾದರೆ ನೆಲದ ಪಾಲೂ ಗುತ್ತಿಗೆಯ ಪಾಲೇ.

ಆದುದರಿಂದ ಕೊಳ್ಳುವ ಮೊದಲು ಇಷ್ಟು ಮಾಡಿರಿ:

1. ಮೂಲ ಗುತ್ತಿಗೆ ಪತ್ರವನ್ನೇ ಓದಿಸಿ, ಉಳಿದ ವರ್ಷಗಳನ್ನು ಎಣಿಸಿರಿ.
2. ನವೀಕರಣ ಹಕ್ಕೋ, ನೆಲದ ಒಡೆಯನ ಮರ್ಜಿಯೋ ನೋಡಿರಿ.
3. ಮಾರಲು, ಅಡವಿಡಲು ಯಾರ ಅನುಮತಿ ಬೇಕು, ನೆಲಬಾಡಿಗೆ ಎಷ್ಟು ಎಂದು ಕೇಳಿರಿ.
4. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಅವಶ್ಯ.
5. ಹೊಸ ಕಟ್ಟಡವಾದರೆ ರೇರಾ ನೋಂದಣಿಯನ್ನು ಪರಿಶೀಲಿಸಿರಿ.

‘ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಡುತ್ತೇವೆ’ ಎಂಬ ಭರವಸೆಗೆ ಮರುಳಾಗಬೇಡಿರಿ. ಖಾತೆ ಇರುವುದು ತೆರಿಗೆಗಾಗಿ. ಒಡೆತನ ಹುಟ್ಟುವುದು ನೋಂದಾಯಿತ ಪತ್ರದಿಂದ.

ಗುತ್ತಿಗೆಯ ಫ್ಲಾಟು ಕೊಳ್ಳಲೇಬಾರದೆಂದು ಇದರ ಅರ್ಥವಲ್ಲ. ವರ್ಷಗಳಿಗೆ ತಕ್ಕ ಬೆಲೆಯಾದರೆ ಕೊಳ್ಳಬಹುದು. ವರ್ಷಗಳ ಸರಕಿಗೆ ನೆಲದ ಬೆಲೆ ತೆತ್ತು ಬರಬಾರದು, ಅಷ್ಟೆ.