ಪರಿಣಾಮಕ್ಕೆ ಜಾಗ ಉಳಿಯದ ಅಂತ್ಯ: ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ಸೀಸನ್ನಿನ ವಾದ

ಅಮೆರಿಕದ ಎಚ್‌ಬಿಒ ವಾಹಿನಿಯ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 73ನೆಯ ಹಾಗೂ ಕೊನೆಯ ಸಂಚಿಕೆ 2019ರ ಮೇ 19ರಂದು ಪ್ರಸಾರವಾಯಿತು. ಆ ಒಂದೇ ರಾತ್ರಿ ಅಮೆರಿಕದಲ್ಲಿ 1.93 ಕೋಟಿ ಮಂದಿ ಅದನ್ನು ನೋಡಿದರೆಂದು ವಾಹಿನಿ ಪ್ರಕಟಿಸಿತು. ಭಾರತದ ವೀಕ್ಷಕರಿಗೆ ಅದು ಹಾಟ್‌ಸ್ಟಾರ್‌ನಲ್ಲಿ ಅದೇ ಹೊತ್ತಿಗೆ, ಅಂದರೆ ಸೋಮವಾರ ಬೆಳಿಗ್ಗೆ ಆರೂವರೆಗೆ, ಲಭ್ಯವಾಯಿತು. ಅದೇ ದಿನಗಳಲ್ಲಿ, ಎಂಟನೆಯ ಸೀಸನ್ನನ್ನು ಸಮರ್ಥ ಬರಹಗಾರರಿಂದ ಹೊಸದಾಗಿ ಬರೆಸಿ ಚಿತ್ರಿಸಬೇಕೆಂದು ಕೋರುವ ಮನವಿಯೊಂದು ಹಬ್ಬುತ್ತಿತ್ತು, ಮುಂದೆ ಅದರ ಸಹಿಗಳು 18 ಲಕ್ಷ ದಾಟಿದವು. ಅಭಿನಯ, ಸಂಗೀತ, ವಸ್ತ್ರವಿನ್ಯಾಸಗಳ ಬಗ್ಗೆ ಹೆಚ್ಚಿನ ತಕರಾರಿಲ್ಲದೆ ಬರವಣಿಗೆಯೊಂದನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದ ಈ ಅಸಮಾಧಾನ ಏಕಾಏಕಿ ಹುಟ್ಟಿದ್ದಲ್ಲ. ಅದರ ಬೇರುಗಳು ಈ ಧಾರಾವಾಹಿಯ ರಚನಾಕ್ರಮದಲ್ಲಿಯೂ ಅದಕ್ಕಿಂತ ಹಿಂದೆ, ಟೆಲಿವಿಷನ್ ಕಥೆಗಳಿಗೆ ‘ಅಂತ್ಯ’ ಎಂಬುದೊಂದು ಕೂಡಿಬಂದ ಬಗೆಯಲ್ಲಿಯೂ ಇವೆ.

ಅಮೆರಿಕದ ಟೆಲಿವಿಷನ್ ಧಾರಾವಾಹಿಗಳು ಬಹುಕಾಲ ಮುಗಿಯುತ್ತಿರಲಿಲ್ಲ, ನಿಲ್ಲುತ್ತಿದ್ದವು. ವೀಕ್ಷಕರು ಕಡಿಮೆಯಾದಾಗ ವಾಹಿನಿ ಪ್ರಸಾರವನ್ನು ಕೈಬಿಡುತ್ತಿತ್ತು, ಕಥೆ ಇದ್ದಲ್ಲಿಯೇ ಉಳಿಯುತ್ತಿತ್ತು. ಇದಕ್ಕೆ ಗಮನಾರ್ಹ ಅಪವಾದವಾಗಿ ಬಂದದ್ದು 1967ರ ಆಗಸ್ಟ್ 29ರಂದು ಪ್ರಸಾರವಾದ ‘ದ ಫ್ಯುಜಿಟಿವ್’ ಸರಣಿಯ ಕೊನೆಯ ಕಂತು: ಮಾಡದ ಕೊಲೆಯ ಆರೋಪ ಹೊತ್ತು ನಾಲ್ಕು ವರ್ಷ ಓಡುತ್ತಿದ್ದ ವೈದ್ಯನ ಕಥೆಗೆ ಅಂದು ನಿಜವಾದ ಮುಕ್ತಾಯ ದೊರೆಯಿತು. 1983ರಲ್ಲಿ ‘ಮ್ಯಾಶ್’ ಸರಣಿಯ ಅಂತಿಮ ಸಂಚಿಕೆಯನ್ನು ಹತ್ತು ಕೋಟಿಗೂ ಹೆಚ್ಚು ಅಮೆರಿಕನ್ನರು ನೋಡಿದ ಮೇಲೆ ಅಂತ್ಯವೆಂಬುದು ವಾಹಿನಿಗಳ ಪಾಲಿಗೆ ದೊಡ್ಡ ಸಂದರ್ಭವಾಯಿತು. 2007ರಲ್ಲಿ ಎರಡು ಸಂಗತಿಗಳು ನಡೆದವು. ‘ದ ಸೊಪ್ರಾನೋಸ್’ ಕಪ್ಪು ಪರದೆಯಲ್ಲಿ ಥಟ್ಟನೆ ಮುಗಿದು ಅಂತ್ಯದ ಅರ್ಥವನ್ನೇ ಚರ್ಚೆಗೆ ಒಡ್ಡಿತು. ‘ಲಾಸ್ಟ್’ ಸರಣಿಯ ನಿರ್ಮಾತೃಗಳು ಕಥೆ 2010ರಲ್ಲಿ ಮುಗಿಯುವುದೆಂದು ಮೂರು ವರ್ಷ ಮೊದಲೇ ವಾಹಿನಿಯನ್ನು ಒಪ್ಪಿಸಿ ಘೋಷಿಸಿದರು. ಅಂತ್ಯವು ಹೀಗೆ ಯೋಜಿತವಾದುದು ಎಂದಾದ ಮೇಲೆ, ಆ ಯೋಜನೆಯ ಲೆಕ್ಕ ಕೇಳುವ ಹಕ್ಕು ತಮಗಿದೆಯೆಂದು ವೀಕ್ಷಕರು ಭಾವಿಸಿದ್ದು ಸಹಜವೇ ಆಗಿತ್ತು.

‘ಗೇಮ್ ಆಫ್ ಥ್ರೋನ್ಸ್’ 2011ರ ಏಪ್ರಿಲ್ 17ರಂದು ಆರಂಭವಾದಾಗ ಅದರ ಹಿಂದೆ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಎಂಬ ಕಾದಂಬರಿಮಾಲೆಯಿತ್ತು. 1996ರಲ್ಲಿ ಮೊದಲ ಸಂಪುಟ ಬಂದ ಈ ಮಾಲೆಯ ಐದನೆಯ ಸಂಪುಟ ಪ್ರಕಟವಾದದ್ದು 2011ರ ಜುಲೈಯಲ್ಲಿ, ಅಂದರೆ ಧಾರಾವಾಹಿಯ ಮೊದಲ ಸೀಸನ್ ಮುಗಿದ ಮೇಲೆ. ಆರನೆಯದು ಧಾರಾವಾಹಿ ಮುಗಿಯುವ ತನಕವೂ ಬರಲಿಲ್ಲ. ಕಥೆಯ ಒಟ್ಟು ಹೊಣೆ ಹೊತ್ತು, ಬರಹಗಾರರ ತಂಡವನ್ನೂ ನಿರ್ಮಾಣವನ್ನೂ ನಡೆಸುವವರನ್ನು ಆ ಉದ್ಯಮದಲ್ಲಿ ‘ಶೋರನ್ನರ್’ ಎನ್ನುತ್ತಾರೆ. ಇಲ್ಲಿ ಆ ಸ್ಥಾನದಲ್ಲಿದ್ದವರು ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್. ಪುಸ್ತಕಗಳನ್ನು ಧಾರಾವಾಹಿ ಹಿಂದಿಕ್ಕಬಹುದೆಂಬ ಅಂದಾಜು ಸಿಕ್ಕಿದ್ದ ಇವರಿಬ್ಬರೂ ಮಾರ್ಟಿನ್ ಅವರ ಊರಾದ ಸಾಂತಾ ಫೆಗೆ ಹೋಗಿ, ಬರೆಯದೆ ಉಳಿದಿದ್ದ ಸಂಪುಟಗಳ ಮುಖ್ಯ ತಿರುವುಗಳನ್ನು ಅವರಿಂದಲೇ ಕೇಳಿ ತಿಳಿದುಕೊಂಡರು. 2016ರ ಆರನೆಯ ಸೀಸನ್ನಿನ ಹೊತ್ತಿಗೆ ಪುಸ್ತಕದ ಆಸರೆ ಬಹುಮಟ್ಟಿಗೆ ಮುಗಿದಿತ್ತು.

ಬರಹಗಾರರಲ್ಲಿ ಮನೆಯ ನಕ್ಷೆಯನ್ನು ಮೊದಲೇ ಬರೆದಿಡುವ ವಾಸ್ತುಶಿಲ್ಪಿಗಳೂ ಬೀಜ ಬಿತ್ತಿ ಅದು ಬೆಳೆದ ದಿಕ್ಕಿನಲ್ಲಿ ಆರೈಕೆ ಮಾಡುವ ತೋಟಗಾರರೂ ಇದ್ದಾರೆಂದು ಹೇಳುವ ಮಾರ್ಟಿನ್, ತಮ್ಮನ್ನು ತೋಟಗಾರರ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಅಂಥ ವಿಧಾನದಲ್ಲಿ ಪಾತ್ರದ ಸ್ವಭಾವದಿಂದ ಘಟನೆ ಹುಟ್ಟುತ್ತದೆ, ಆ ಘಟನೆ ಇನ್ನೊಂದು ಪಾತ್ರವನ್ನು ಕದಲಿಸುತ್ತದೆ, ಆದ್ದರಿಂದ ಕಥೆ ನಿಧಾನವಾಗಿಯೂ ಕವಲೊಡೆಯುತ್ತಲೂ ಸಾಗುತ್ತದೆ. ಶೋರನ್ನರ್‌ಗಳ ಕೈಯಲ್ಲಿದ್ದುದಾದರೋ ಕೆಲವು ಗಮ್ಯಸ್ಥಾನಗಳ ಪಟ್ಟಿ ಮಾತ್ರ. ಅಲ್ಲಿಗೆ ತಲುಪುವ ದಾರಿಯನ್ನು ಅವರೇ ಹಿಂದುಮುಂದಾಗಿ ಕಟ್ಟಬೇಕಾಗಿತ್ತು. ಇಡೀ ಕಥೆ ಸುಮಾರು 70 ಗಂಟೆಗಳದ್ದೆಂದು ಮೊದಲೇ ಎಣಿಸಿದ್ದ ಅವರು, ಇನ್ನೂ ಹೆಚ್ಚು ಸೀಸನ್ ಮಾಡಲು ಎಚ್‌ಬಿಒ ಸಿದ್ಧವಿದ್ದರೂ ಒಪ್ಪಲಿಲ್ಲ. ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಸಂಚಿಕೆಗಳಿದ್ದವು, ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಕೊನೆಯ ನಾಲ್ಕು ಸಂಚಿಕೆಗಳು ಒಂದೊಂದೂ ಒಂದೂಕಾಲು ಗಂಟೆಗಿಂತ ದೀರ್ಘವಾಗಿದ್ದರೂ, ಆ ಹೆಚ್ಚುವರಿ ಸಮಯದ ದೊಡ್ಡ ಪಾಲನ್ನು ಯುದ್ಧದ ದೃಶ್ಯಗಳೇ ನುಂಗಿದವು.

ಈ ಅವಸರದ ಗುರುತುಗಳು ಕೊನೆಯ ಸೀಸನ್ನಿಗಿಂತ ಮೊದಲೇ ಕಾಣಿಸಿಕೊಂಡಿದ್ದವು. ಮೊದಲ ಸೀಸನ್ನಿನಲ್ಲಿ ರಾಜಪರಿವಾರ ರಾಜಧಾನಿಯಿಂದ ಉತ್ತರದ ವಿಂಟರ್‌ಫೆಲ್ ಕೋಟೆ ತಲುಪಲು ಒಂದು ತಿಂಗಳು ಬೇಕಾಗುತ್ತದೆ. ಏಳನೆಯ ಸೀಸನ್ನಿನಲ್ಲಿ ಉತ್ತರದ ಗಡಿಯ ಹಿಮಗೋಡೆಯಾಚೆ ಸಿಕ್ಕಿಬಿದ್ದವರ ಸುದ್ದಿ ಹಕ್ಕಿಯ ಮೂಲಕ ದಕ್ಷಿಣದ ದ್ವೀಪಕ್ಕೆ ತಲುಪಿ, ಅಲ್ಲಿಂದ ಡ್ರ್ಯಾಗನ್‌ಗಳು ಹೊತ್ತು ಮೀರುವ ಮೊದಲೇ ಹಾರಿಬಂದು ಅವರನ್ನು ಉಳಿಸುತ್ತವೆ. ದೂರ, ಹಸಿವು, ಚಳಿ, ಸಾಲ ಇವೆಲ್ಲ ರಾಜಕಾರಣವನ್ನು ನಿರ್ಧರಿಸುತ್ತಿದ್ದ ಲೋಕದಲ್ಲಿ ದೂರವೇ ಅಳಿಸಿಹೋದರೆ ನಿರ್ಧಾರಗಳ ತೂಕವೂ ಕುಗ್ಗುತ್ತದೆ ಎಂಬುದು ಆಗಿನಿಂದಲೇ ಕೇಳಿಬಂದ ಆಕ್ಷೇಪ. ಎಂಟನೆಯ ಸೀಸನ್ನಿನ ನಾಲ್ಕನೆಯ ಸಂಚಿಕೆಯಲ್ಲಿ ಶತ್ರುವಿನ ನೌಕಾಪಡೆ ಡೇನೆರಿಸ್ ರಾಣಿಯ ಡ್ರ್ಯಾಗನ್ ಒಂದನ್ನು ಕೊಂದುಹಾಕುತ್ತದೆ. ಆ ಪಡೆಯಿರುವುದನ್ನು ಆಕೆ ಒಂದಿಷ್ಟು ಮರೆತುಬಿಟ್ಟಿದ್ದಳೆಂಬ ಅರ್ಥದಲ್ಲಿ ಬೆನಿಯಾಫ್ ಕೊಟ್ಟ ವಿವರಣೆ ಅಭಿಮಾನಿಗಳ ನಡುವೆ ಗೇಲಿಯ ಮಾತಾಗಿಯೇ ಉಳಿಯಿತು. ಅದೇ ಸಂಚಿಕೆಯ ಮೇಜಿನ ಮೇಲೆ ಕಾಣಿಸಿಕೊಂಡ ಇಂದಿನ ಕಾಲದ ಕಾಫಿ ಲೋಟ ಬರೀ ಕಣ್ತಪ್ಪು. ಆದರೆ ಆ ಹೊತ್ತಿಗೆ ಕಣ್ತಪ್ಪನ್ನೂ ಉದಾಸೀನದ ಸಾಕ್ಷಿಯೆಂದು ಓದುವ ಮನಃಸ್ಥಿತಿ ಬೆಳೆದುಬಿಟ್ಟಿತ್ತು.

ವಾದದ ಕೇಂದ್ರದಲ್ಲಿದ್ದುದು ಐದನೆಯ ಸಂಚಿಕೆಯಾದ ‘ದ ಬೆಲ್ಸ್’. ಗುಲಾಮರನ್ನು ಬಿಡಿಸಿದವಳೆಂದು ಖ್ಯಾತಳಾದ ಡೇನೆರಿಸ್, ಶರಣಾಗತಿಯ ಗಂಟೆಗಳು ಮೊಳಗಿದ ಮೇಲೆಯೂ ಕಿಂಗ್ಸ್ ಲ್ಯಾಂಡಿಂಗ್ ನಗರವನ್ನೂ ಅದರ ಜನರನ್ನೂ ಸುಟ್ಟುಹಾಕುತ್ತಾಳೆ. ಸಮರ್ಥಕರು ಇದಕ್ಕೆ ಬೇಕಾದ ಸೂಚನೆಗಳು ಮೊದಲಿನಿಂದಲೂ ಇದ್ದವೆಂದು ತೋರಿಸುತ್ತಾರೆ: ಅಣ್ಣನ ತಲೆಯ ಮೇಲೆ ಕಾಯ್ದ ಚಿನ್ನ ಸುರಿದಾಗ ಆಕೆ ನಿರ್ವಿಕಾರಳಾಗಿದ್ದಳು, ಮೀರೀನ್ ನಗರದ ಒಡೆಯರನ್ನು ಶಿಲುಬೆಗೇರಿಸಿದಳು, ತಲೆಬಾಗದ ಟಾರ್ಲಿ ಮನೆತನದ ತಂದೆಮಗನನ್ನು ದಹಿಸಿದಳು; ಪ್ರೇಕ್ಷಕರು ಆಕೆಯ ಪಕ್ಷ ವಹಿಸಿದ್ದರಿಂದಲೇ ಆ ಕ್ರೌರ್ಯವನ್ನು ನ್ಯಾಯವೆಂದು ಭ್ರಮಿಸಿದರು ಎಂಬುದು ಅವರ ವಾದದ ಬಲವಾದ ಭಾಗ. ವಿರೋಧಿಗಳ ಉತ್ತರವೂ ದುರ್ಬಲವಲ್ಲ. ಆ ಎಲ್ಲ ಕೃತ್ಯಗಳಲ್ಲಿ ಶಿಕ್ಷೆಗೊಳಗಾದವರು ಶತ್ರುಗಳು, ಈ ಸಲ ಸತ್ತವರು ನಿರಪರಾಧಿಗಳು. ಒಂದರಿಂದ ಇನ್ನೊಂದಕ್ಕೆ ದಾಟುವ ಮನಸ್ಸನ್ನು ಕಾಣಿಸುವ ಪಾತ್ರಪೋಷಣೆ ಬೇರೆ, ಮುಂದಾಗುವುದರ ಸುಳಿವು ಕೊಡುವುದು ಬೇರೆ. ಗಮನಿಸಬೇಕಾದದ್ದೆಂದರೆ, ಆಕೆಯ ಪತನವನ್ನು ತಾತ್ವಿಕವಾಗಿ ಒಪ್ಪುವವರೂ ವಿರೋಧಿಗಳ ಸಾಲಿನಲ್ಲಿ ಬಹಳ ಮಂದಿ ಇದ್ದರು.

ಸಮಾಜಶಾಸ್ತ್ರಜ್ಞೆ ಝೆಯ್ನೆಪ್ ತುಫೆಕ್ಚಿ ಅದೇ ಮೇ ತಿಂಗಳಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ವ್ಯಕ್ತಿಗಳನ್ನು ಸಂಸ್ಥೆಗಳೂ ಸನ್ನಿವೇಶಗಳೂ ರೂಪಿಸುವ ಸಾಮಾಜಿಕ ಕಥನವಾಗಿದ್ದ ಈ ಧಾರಾವಾಹಿ ಕೊನೆಗೆ ಒಬ್ಬೊಬ್ಬರ ಮನಸ್ಸಿನ ಏರಿಳಿತವನ್ನಷ್ಟೇ ಹಿಂಬಾಲಿಸುವ ಕಥನವಾಯಿತೆಂದು ವಿಶ್ಲೇಷಿಸಿದರು. ಭಾರತೀಯ ನಾಟ್ಯಮೀಮಾಂಸೆಯ ಪರಿಭಾಷೆಯಲ್ಲಿಯೂ ಇದನ್ನು ಪರೀಕ್ಷಿಸಬಹುದು. ಇತಿವೃತ್ತವನ್ನು ಅದು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತದೆ. ಹಿಂದಿನ ಸಂಧಿಗಳಲ್ಲಿ ಚದುರಿದ ಅರ್ಥಗಳೆಲ್ಲ ಒಂದೇ ಫಲದತ್ತ ಕೂಡಿಬರುವ ಭಾಗ ನಿರ್ವಹಣ. ಈ ಸೀಸನ್ನಿನಲ್ಲಿ ಫಲಗಳೇನೋ ಇದ್ದವು, ಅವುಗಳತ್ತ ಅರ್ಥಗಳು ಕೂಡಿಬರಲಿಲ್ಲ: ಐದನೆಯ ಸೀಸನ್ನಿನಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ, ವಿಂಟರ್‌ಫೆಲ್ ಮನೆತನದ ಬ್ರಾನ್ ಸ್ಟಾರ್ಕ್, ಅವನ ಕಥೆಯೇ ಎಲ್ಲರ ಕಥೆಗಿಂತ ಶ್ರೇಷ್ಠವೆಂಬ ಒಂದು ಭಾಷಣದ ಬಲದಿಂದ ರಾಜನಾಗುತ್ತಾನೆ.

ಈ ಎಲ್ಲ ದೂರುಗಳ ಹಿಂದೆ ರಚನೆಗೆ ಸಂಬಂಧಿಸಿದ ಕಾರಣವೊಂದಿದೆ. ಹತ್ತು ಸಂಚಿಕೆಗಳ ಸೀಸನ್ನಿನಲ್ಲಿ ಒಂಬತ್ತನೆಯದನ್ನು ದೊಡ್ಡ ಆಘಾತಕ್ಕೆ ಅಥವಾ ಯುದ್ಧಕ್ಕೆ ಮೀಸಲಿಡುವುದು ಈ ಧಾರಾವಾಹಿಯ ರೂಢಿ: ಮೊದಲ ಸೀಸನ್ನಿನ ಒಂಬತ್ತನೆಯ ಸಂಚಿಕೆಯಲ್ಲಿ ಬ್ರಾನ್‌ನ ತಂದೆ ನೆಡ್ ಸ್ಟಾರ್ಕ್‌ನ ಶಿರಚ್ಛೇದವಾಗುತ್ತದೆ, ಮೂರನೆಯದರ ಒಂಬತ್ತನೆಯದರಲ್ಲಿ ‘ರೆಡ್ ವೆಡಿಂಗ್’ ಎಂದೇ ಹೆಸರಾದ ಮದುವೆಮನೆಯ ಹತ್ಯಾಕಾಂಡ ನಡೆಯುತ್ತದೆ. ಆ ಘಟನೆಗಳು ದೊಡ್ಡವಾದದ್ದು ರಕ್ತಪಾತದಿಂದಲ್ಲ, ಮುಂದಿನ ಸೀಸನ್‌ಗಳುದ್ದಕ್ಕೂ ಹರಡಿದ ಪರಿಣಾಮಗಳಿಂದ. ನೆಡ್‌ನ ಸಾವಿನಿಂದ ಯುದ್ಧ ಹುಟ್ಟಿತು, ಮಕ್ಕಳು ದಿಕ್ಕಾಪಾಲಾದರು, ರಾಜ್ಯ ಹರಿದುಹಂಚಿಹೋಯಿತು. ಕೊನೆಯ ಸೀಸನ್ನಿನಲ್ಲಿಯೂ ಅದೇ ರೂಢಿಯಂತೆ ನಗರದಹನ ಉಪಾಂತ್ಯ ಸಂಚಿಕೆಗೆ ಬಂದಿತು, ಆದರೆ ಈ ಸಲ ಮುಂದಿನ ಸೀಸನ್ ಇರಲಿಲ್ಲ. ರಾಣಿಯ ಹತ್ಯೆ, ಕೊಂದವನಾದ ಜಾನ್ ಸ್ನೋಗೆ ಶಿಕ್ಷೆ, ರಾಜನ ಆಯ್ಕೆ, ಉತ್ತರದ ಸ್ವಾತಂತ್ರ್ಯ, ಹೊಸ ಮಂತ್ರಿಮಂಡಲ ಇಷ್ಟನ್ನೂ 80 ನಿಮಿಷದ ಒಂದೇ ಸಂಚಿಕೆ ಹೊರಬೇಕಾಯಿತು. ಕೃತ್ಯಕ್ಕೆ ಬೆಲೆ ತೆರಲೇಬೇಕೆಂಬ ನಿಯಮವನ್ನು ಪ್ರೇಕ್ಷಕರಿಗೆ ಎಂಟು ವರ್ಷ ಕಲಿಸಿದ ಕಥೆ, ಆ ನಿಯಮವನ್ನು ಪಾಲಿಸಲು ತನಗೇ ಜಾಗ ಉಳಿಸಿಕೊಳ್ಳಲಿಲ್ಲ.

ಎಮ್ಮಿ ಪ್ರಶಸ್ತಿಗಳು ಈ ವಾದವನ್ನು ತೀರ್ಮಾನಿಸಲಿಲ್ಲ. 32 ನಾಮನಿರ್ದೇಶನಗಳಲ್ಲಿ 12 ಪ್ರಶಸ್ತಿಗಳು ಈ ಸೀಸನ್ನಿಗೆ ಸಂದವು, ಅವುಗಳಲ್ಲಿ ಶ್ರೇಷ್ಠ ನಾಟಕೀಯ ಸರಣಿಯ ಪ್ರಶಸ್ತಿಯೂ ಇತ್ತು. ಆದರೆ ಬರವಣಿಗೆಯ ಪ್ರಶಸ್ತಿ ಅದೇ ವಾಹಿನಿಯ ‘ಸಕ್ಸೆಷನ್’ ಸರಣಿಗಾಗಿ ಜೆಸ್ಸಿ ಆರ್ಮ್‌ಸ್ಟ್ರಾಂಗ್ ಪಾಲಾಯಿತು. ಅದೂ ಒಂದು ಸಿಂಹಾಸನಕ್ಕಾಗಿ ನಡೆಯುವ ಕಲಹದ ಕಥೆಯೇ, ಸಿಂಹಾಸನದ ಬದಲು ಅಲ್ಲಿರುವುದು ಮಾಧ್ಯಮ ಸಂಸ್ಥೆಯ ಅಧಿಕಾರ. 2023ರಲ್ಲಿ ಆರ್ಮ್‌ಸ್ಟ್ರಾಂಗ್ ಅದನ್ನು ನಾಲ್ಕೇ ಸೀಸನ್‌ಗಳಿಗೆ ಸ್ವಂತ ಇಚ್ಛೆಯಿಂದ ಮುಗಿಸಿದಾಗ, ಎಲ್ಲರೂ ಕೊನೆಯಲ್ಲಿ ನಿರೀಕ್ಷಿಸಿದ್ದ, ಆ ಸಂಸ್ಥೆಯ ಒಡೆಯನಾದ ತಂದೆಯ ಸಾವು ಅಂತಿಮ ಸೀಸನ್ನಿನ ಮೂರನೆಯ ಸಂಚಿಕೆಯಲ್ಲಿಯೇ ಸಂಭವಿಸಿತು, ಉಳಿದ ಏಳು ಸಂಚಿಕೆಗಳೂ ಆ ಸಾವು ಮಕ್ಕಳನ್ನು ಏನು ಮಾಡಿತೆಂಬುದಕ್ಕೆ ಮೀಸಲಾದವು. ಆದ್ದರಿಂದ ‘ಗೇಮ್ ಆಫ್ ಥ್ರೋನ್ಸ್’ ಬೇಗ ಮುಗಿದದ್ದೇ ದೋಷವೆಂದು ಹೇಳಲಾಗದು. ಉಳಿದಿದ್ದ ಆರು ಸಂಚಿಕೆಗಳಲ್ಲಿ ಆಘಾತಕ್ಕೆ ಎಷ್ಟು, ಅದರ ನಂತರದ ಬದುಕಿಗೆ ಎಷ್ಟು ಎಂದು ಹಂಚುವಲ್ಲಿ ಬರವಣಿಗೆ ಸೋತಿತು, ಅಭಿಮಾನಿಗಳ ವಾದ ನಿಂತಿರುವುದೂ ಆ ಹಂಚಿಕೆಯ ಮೇಲೆಯೇ.