ಬಂಡೆಯ ಮೇಲಿನ ಹೆಸರು, ಇಂಜಿನ್ ಮೇಲಿನ ನಂಬರು

ಮಸ್ಕಿಯ ಬೆಟ್ಟದ ಬಂಡೆಗೆ ದೇಶದ ಚರಿತ್ರೆಯಲ್ಲಿ ಜಾಗ ಸಿಕ್ಕಿದ್ದು ಒಂದು ಹೆಸರಿನಿಂದ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಅದುವರೆಗೆ ಸಿಕ್ಕಿದ್ದ ಈ ಬಗೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇರುತ್ತಿತ್ತು. ಮಸ್ಕಿಯಲ್ಲಿ ಆ ಬಿರುದಿನ ಪಕ್ಕದಲ್ಲೇ ‘ಅಶೋಕ’ ಎಂದು ಕೆತ್ತಿತ್ತು. ದೇವಾನಾಂಪ್ರಿಯ ಯಾರು ಎಂಬ ಪ್ರಶ್ನೆಗೆ ಕಲ್ಲೇ ಉತ್ತರ ಹೇಳಿತು.

ಹಳೆಯ ಮೋಟಾರು ಗಾಡಿಗಳನ್ನು ಕಾಪಾಡುವವರೂ ಮೊದಲು ಹುಡುಕುವುದು ಇಂಥದೇ ಒಂದು ಗುರುತನ್ನು. ಬಣ್ಣ ಎಷ್ಟೇ ಥಳಥಳಿಸಲಿ, ಸೀಟು ಎಷ್ಟೇ ಮೆತ್ತಗಿರಲಿ, ಅವರು ಬಾನೆಟ್ ಎತ್ತಿ ಇಂಜಿನ್ ಬ್ಲಾಕಿನ ಮೇಲೆ ಕುಟ್ಟಿದ ನಂಬರನ್ನು ಓದುತ್ತಾರೆ. ಆ ನಂಬರು ಆರ್‌ಸಿ ಪುಸ್ತಕದಲ್ಲಿರುವುದಕ್ಕೆ ತಾಳೆಯಾದರೆ ಅವರ ಮುಖ ಅರಳುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿನದ ಗುಂಡಿಗೆಯೇ ಇಂದಿಗೂ ಬಡಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂದರೆ ಭತ್ತದ ಲಾರಿ, ಟ್ರ್ಯಾಕ್ಟರು, ಅಕ್ಕಿ ಗಿರಣಿ ನೆನಪಾಗುತ್ತವೆಯೇ ಹೊರತು ಹಳೆಯ ಕಾರುಗಳಲ್ಲ. ಆದರೆ ನಮ್ಮ ಸೀಮೆಯ ಹಳೆಯ ಶೆಡ್ಡುಗಳಲ್ಲಿ, ಹೊಲದ ಮನೆಗಳ ಬೇವಿನ ಮರದ ಕೆಳಗೆ, ತಾಡಪತ್ರಿ ಹೊದ್ದ ಪೆಟ್ರೋಲ್ ಜೀಪುಗಳೂ ಅಂಬಾಸಿಡರ್‌ಗಳೂ ಫಿಯಟ್‌ಗಳೂ ಇವೆ. ಅವುಗಳ ಬೆಲೆ ಅವುಗಳ ಇಂಜಿನ್ನಿನಲ್ಲಿದೆ ಎಂಬುದನ್ನು ನಾವು ತಿಳಿಯಬೇಕಾದ ಹೊತ್ತು ಇದು.

ನಿಜಾಮರ ಕಾಲದಿಂದ ಕಾಲುವೆಯ ಕಾಲಕ್ಕೆ

ನಮ್ಮ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಮೋಟಾರು ಎಂಬುದು ಅರಮನೆಯ ವಸ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಒಂದಕ್ಕೆ ಬೇಡಿಕೆ ಇಟ್ಟಿದ್ದರು. ಹಿಂದಿನ ಆಸನ ಸಿಂಹಾಸನದ ಹಾಗಿದ್ದ ಕಾರು ಅದು. ಕಾರು ಬಂದು ತಲುಪುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಆ ಕಾರನ್ನು ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡಬಹುದು. ಜನಸಾಮಾನ್ಯರಿಗೆ ಮೋಟಾರಿನ ಬಾಗಿಲು ತೆರೆದದ್ದು 1932ರಲ್ಲಿ. ಆ ವರ್ಷ ನಿಜಾಮ ಸಂಸ್ಥಾನದ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಓಡಾಟ ಆರಂಭಿಸಿತು.

ನಮ್ಮ ಭಾಗದ ಹಳ್ಳಿಗಳವರೆಗೆ ಗಾಡಿ ತಂದದ್ದು ಮಾತ್ರ ತುಂಗಭದ್ರೆ. 1953ರ ಹೊತ್ತಿಗೆ ಅಣೆಕಟ್ಟು ಮುಗಿಯಿತು, ಎಡದಂಡೆ ಕಾಲುವೆ ಸಿಂಧನೂರಿನ ಎರೆ ಹೊಲಗಳನ್ನು ಗದ್ದೆ ಮಾಡಿತು. ಮಳೆಗಾಲದಲ್ಲಿ ಎರೆ ಮಣ್ಣಿಗೆ ಇಳಿದ ಕಾರು ಅಲ್ಲೇ ಕೂತುಬಿಡುತ್ತಿತ್ತು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಜೀಪೊಂದೇ ಅಲ್ಲಿಂದ ಎದ್ದು ಬರುತ್ತಿತ್ತು. ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಹೊರಟಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ಅವು ಸರ್ಕಾರಿ ಕಚೇರಿಗಳ ಮುಂದೆ, ಕಾಲುವೆಯ ಏರಿಯ ಮೇಲೆ, ಚುನಾವಣೆಯ ಮೆರವಣಿಗೆಯಲ್ಲಿ ಎಲ್ಲೆಲ್ಲೂ ಕಂಡವು. ನಮ್ಮ ಹಿರಿಯರು ಇಂದಿಗೂ ಜೀಪನ್ನು ‘ಕಾಲುವೆ ಸಾಹೇಬರ ಗಾಡಿ’ ಎನ್ನುತ್ತಾರೆ.

ಹ್ಯಾಂಡಲ್ ಹೊಡೆಯುವ ವಿದ್ಯೆ

ಅಂಥ ಒಂದು ಪೆಟ್ರೋಲ್ ಜೀಪು ಹರಾಜಿನಲ್ಲಿ ನಮ್ಮ ಮನೆಗೂ ಬಂತು. ಅದನ್ನು ನೋಡಿಕೊಳ್ಳುವ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಗ್ಯಾರೇಜಿಗೆ ಬರುವವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ. ಮೊದಲ ಸಲ ಬಂಪರಿನ ತೂತಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಲು ಹೋದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ಹೆಬ್ಬೆಟ್ಟು ಆ ಕಡಿ ಹಾಕಬ್ಯಾಡ್ರಿ. ನಾಕು ಬೆರಳಿನ ಜೋಡಿ ಈ ಕಡೀನೇ ಇರ್ಲಿ. ಕೆಳಗಿಂದ ಮ್ಯಾಲಕ್ಕ ಎಳೀರಿ, ಮ್ಯಾಲಿಂದ ಒತ್ತಬ್ಯಾಡ್ರಿ. ತಿರುಗಿ ಒದ್ದರ ಮುಂಗೈ ಮುರೀತದ.”

ಈ ಮಾತಿನ ಹಿಂದೆ ಇಂಜಿನ್ನಿನ ಶಾಸ್ತ್ರವೇ ಇದೆ. ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರಿದರೆ ಇಂಜಿನ್ ಹಿಂದಕ್ಕೆ ತಿರುಗುತ್ತದೆ, ಜೊತೆಗೆ ಹ್ಯಾಂಡಲ್ಲೂ. ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಂಡಿದ್ದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಬೆರಳುಗಳೆಲ್ಲ ಒಂದೇ ಕಡೆ ಇದ್ದರೆ ಹ್ಯಾಂಡಲ್ ಅಂಗೈಯಿಂದ ಜಾರಿಹೋಗುತ್ತದೆ.

ನಮ್ಮ ಜೀಪಿನದು ನಾಲ್ಕು ಸಿಲಿಂಡರಿನ, 2.2 ಲೀಟರಿನ ಇಂಜಿನ್. ಪೆಟ್ರೋಲ್ ಒಳಗೆ ಬರುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವು ಬ್ಲಾಕಿನಲ್ಲಿ, ಹೀಗೆ ಎರಡು ಕಾಲದ ವಿನ್ಯಾಸ ಒಂದರಲ್ಲೇ ಸೇರಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು. ಅದರ ಎರಡು ತುಟಿಗಳ ನಡುವಿನ ಸಂದು ಒಂದು ಇಂಚಿನ ಸಾವಿರ ಪಾಲಿನಲ್ಲಿ 20 ಪಾಲು, ಅಂದರೆ ಅರ್ಧ ಮಿಲಿಮೀಟರ್. ಚಾಚಾ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಎಳೆಯುತ್ತಾರೆ. ಅದು ಸಲೀಸಾಗಿ ಜಾರಲೂಬಾರದು, ಸಿಕ್ಕಿಕೊಳ್ಳಲೂಬಾರದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಾರೆ. “ಎರಡನೇ ಟ್ಯಾಪೆಟ್ ಬಾಯಿ ಮಾಡ್ಲಿಕತ್ತದ” ಎನ್ನುತ್ತಾರೆ. ಬಿಚ್ಚಿ ನೋಡಿದರೆ ಅದೇ ಸಡಿಲಾಗಿರುತ್ತದೆ. ಕಂಪ್ಯೂಟರಿಗೆ ತಂತಿ ಜೋಡಿಸಿ ದೋಷ ಓದುವ ಇಂದಿನ ಗಾಡಿಗಳ ಕಾಲದಲ್ಲಿ ಈ ಕಿವಿ ಒಂದು ಸಂಪತ್ತು.

ಓಡಿಸುವುದೂ ಬೇರೆಯದೇ ವಿದ್ಯೆ. ಮೊದಲ ಗೇರಿಗೆ ಸಿಂಕ್ರೊಮೆಷ್ ಇಲ್ಲ. ಓಡುತ್ತಿರುವಾಗ ಆ ಗೇರಿಗೆ ಇಳಿಯಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಹಲ್ಲುಗಳ ವೇಗ ಹೊಂದಿದರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ, ಹೊಂದದಿದ್ದರೆ ಕರಕರ ಎನ್ನುತ್ತದೆ. ಇದಕ್ಕೂ ಹಿಂದಿನ ಗಾಡಿಗಳು ಇನ್ನೂ ವಿಶೇಷ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಡ ಪೆಡಲ್ಲು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ಪೆಟ್ರೋಲ್ ಕೊಡುವುದು ಸ್ಟೀರಿಂಗ್ ಕೆಳಗಿನ ಕೈಕಡ್ಡಿಯಿಂದ. ಇಂದಿನ ಚಾಲಕರು ಅದರಲ್ಲಿ ಕೂತರೆ ಮೊದಲಿನಿಂದ ಕಲಿಯಬೇಕು.

ನಮ್ಮ ಬಿಸಿಲು, ನಮ್ಮ ಧೂಳು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಏಪ್ರಿಲ್ ಮಧ್ಯಾಹ್ನ ಹಳೆಯ ಪೆಟ್ರೋಲ್ ಗಾಡಿ ಓಡಿಸಿದರೆ ಒಂದು ಪಾಠ ಖಂಡಿತ ಸಿಗುತ್ತದೆ. ಬಿಸಿಲು 40 ಡಿಗ್ರಿ ದಾಟಿದಾಗ ಇಂಜಿನ್ ಪಕ್ಕದ ಪಂಪಿನಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನು ಎತ್ತಬಲ್ಲದು, ಆವಿಯನ್ನು ಎತ್ತಲಾರದು. ಗಾಡಿ ಬಿಕ್ಕಿ ಬಿಕ್ಕಿ ನಿಲ್ಲುತ್ತದೆ. ಆಗ ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೇವಿನ ನೆರಳಿನಲ್ಲಿ ಕಾಲು ಗಂಟೆ ಕೂರಬೇಕು. ಅದಕ್ಕೇ ಬೇಸಿಗೆಯಲ್ಲಿ ನಾವು ಹೊರಡುವುದು ಬೆಳಗಿನ ಆರಕ್ಕೆ.

ಭತ್ತದ ಸುಗ್ಗಿಯಲ್ಲಿ ಧೂಳಿನ ಕಾಟ. ಜೀಪಿನ ಏರ್ ಕ್ಲೀನರಿನಲ್ಲಿ ಕಾಗದದ ಫಿಲ್ಟರ್ ಇಲ್ಲ, ಆಯಿಲ್ ತುಂಬಿದ ಬಟ್ಟಲಿದೆ. ಒಳಬರುವ ಗಾಳಿ ಆಯಿಲ್ ಮೇಲೆ ಹಾಯ್ದು ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಸುಗ್ಗಿಯ ವಾರ ಕಳೆದು ಬಟ್ಟಲು ಬಿಚ್ಚಿದರೆ ತಳದಲ್ಲಿ ಎರೆ ಮಣ್ಣಿನ ಕೆಸರು ಕೂತಿರುತ್ತದೆ. ಅದನ್ನು ತೊಳೆಯದೆ ಬಿಟ್ಟರೆ ಆ ಮಣ್ಣೇ ಸಿಲಿಂಡರಿನ ಗೋಡೆ ತಿನ್ನುತ್ತದೆ.

ಪೆಟ್ರೋಲ್ ಕೂಡ ಬದಲಾಗಿದೆ. ಹಳೆಯ ಇಂಜಿನ್‌ಗಳ ವಾಲ್ವು ಸೀಟಿಗೆ ಪೆಟ್ರೋಲಿನಲ್ಲಿದ್ದ ಸೀಸವೇ ರಕ್ಷಣೆಯಾಗಿತ್ತು. 2000ದಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ ಸಿಗುತ್ತಿದೆ. ಅದು ಗಾಳಿಗೆ, ಜನರ ಆರೋಗ್ಯಕ್ಕೆ ಬೇಕಾಗಿದ್ದ ಬದಲಾವಣೆ. ಆದರೆ ಸೀಸದ ರಕ್ಷಣೆ ಹೋದದ್ದರಿಂದ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟು ಕೂರಿಸಬೇಕಾಗುತ್ತದೆ. ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಕಾರ್ಬೊರೇಟರ್ ಖಾಲಿ ಮಾಡಿ, ಪೈಪುಗಳನ್ನು ಹೊಸ ಬಗೆಯ ರಬ್ಬರಿಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಕಿತ್ತು ಹಾಕಿದ ಇಂಜಿನ್‌ಗಳು

ಇಷ್ಟು ಕಷ್ಟ ಯಾಕೆ ಎಂದು ಒಂದು ತಲೆಮಾರು ಕೇಳಿತು. ಲೀಟರಿಗೆ ಏಳೆಂಟು ಕಿಲೋಮೀಟರ್ ಓಡುವ ಪೆಟ್ರೋಲ್ ಜೀಪು ಸಾಕುವುದು ರೈತನಿಗೆ ಭಾರವೇ ಆಗಿತ್ತು. ಆಗ ಡೀಸೆಲ್ ಬಹಳ ಸೋವಿಯಾಗಿತ್ತು. ಹಾಗಾಗಿ ಸಾಲುಸಾಲಾಗಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಏರಿಸಿದರು. ನಮ್ಮ ಕಾಕಾ ತಮ್ಮ ಅಂಬಾಸಿಡರಿಗೂ ಹಾಗೇ ಮಾಡಿಸಿದರು. ಇಳಿಸಿದ 1489 ಸಿಸಿ ಇಂಜಿನ್ ಕೆಲವು ದಿನ ಅಂಗಳದ ಮೂಲೆಯಲ್ಲಿತ್ತು, ನಾವು ಮಕ್ಕಳು ಅದರ ಮೇಲೆ ಕೂತು ಆಡುತ್ತಿದ್ದೆವು. ಒಂದು ದಿನ ಅದು ಗುಜರಿಗೆ ತೂಕಕ್ಕೆ ಹೋಯಿತು. ಅವರನ್ನು ದೂರಲಾರೆ, ಆ ಗಾಡಿಯಿಂದ ಮನೆ ನಡೆಯಬೇಕಿತ್ತು. ಆದರೆ 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಾಗ ಆ ಮೂಲೆ ನನಗೆ ನೆನಪಾಯಿತು.

ಮೂಲ ಇಂಜಿನ್ನಿಗೂ ಬದಲಿಸಿದ ಇಂಜಿನ್ನಿಗೂ ಇರುವ ವ್ಯತ್ಯಾಸವನ್ನು ಇಂದು ಕಾನೂನೂ ಗುರುತಿಸುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ಎಂಬ ವರ್ಗ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ಇದಕ್ಕೆ ಸೇರುತ್ತವೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರು ನೋಂದಣಿಗೆ 5,000 ರೂಪಾಯಿ. ಹೊಸ ನಂಬರಿನಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ.

ಮೂಲ ಇಂಜಿನ್ ಅಂದರೆ ಒಳಗಿನದೇನನ್ನೂ ಮುಟ್ಟಬಾರದು ಎಂದಲ್ಲ. ರಿಂಗು, ಬೇರಿಂಗು, ಪಾಯಿಂಟು ಸವೆಯುವುದೇ ಅವುಗಳ ಕೆಲಸ, ಬದಲಿಸಲೇಬೇಕು. ತೇರಿನ ಹಗ್ಗ, ಗಾಲಿಯ ಸನ್ನೆ ಬದಲಾದರೂ ತೇರು ಊರಿನದೇ ಅಲ್ಲವೇ? ಹಾಗೆಯೇ ನಂಬರು ಹೊತ್ತ ಬ್ಲಾಕು ಉಳಿಯಬೇಕು, ಅದನ್ನು ಓಡಿಸುವ ರೀತಿ ಉಳಿಯಬೇಕು.

ಅದೇ ರಸ್ತೆಯ ಇನ್ನೊಂದು ತುದಿ

ಇಂಗ್ಲೆಂಡಿನಲ್ಲಿ 1905ಕ್ಕಿಂತ ಮೊದಲಿನ ಕಾರುಗಳು ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ತಮ್ಮ ಕಾಲ ಮೇಲೆ ತಾವೇ ಓಡುತ್ತವೆ. ದಿಲ್ಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ರ್‍ಯಾಲಿ 1964ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಹೆಸರಾದದ್ದು. ಆ ಸಂಗ್ರಹದ ಕಾರುಗಳಿಗಾಗಿಯೇ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ವಸ್ತುಸಂಗ್ರಹಾಲಯವೂ ಆಗಿದೆ. ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ಪೋಣಿಸುವ 150ಎ ರಾಷ್ಟ್ರೀಯ ಹೆದ್ದಾರಿ ಬಳ್ಳಾರಿ, ಹಿರಿಯೂರು ದಾಟಿ ಅದೇ ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ. ಅಲ್ಲಿ ರಾಜರ, ಸಾಹುಕಾರರ ಕಾರುಗಳಿವೆ. ಈ ತುದಿಯಲ್ಲಿರುವುದು ಕಾಲುವೆ ತೋಡಿದ ಜೀಪು, ಹೆರಿಗೆಗೆ ರಾತ್ರೋರಾತ್ರಿ ರಾಯಚೂರಿಗೆ ಓಡಿದ ಅಂಬಾಸಿಡರ್. ಇವೂ ಚರಿತ್ರೆಯೇ.

ನಿಮ್ಮ ಹೊಲದ ಮನೆಯಲ್ಲೂ ಅಂಥದೊಂದು ನಿಂತಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಆರ್‌ಸಿ ಪುಸ್ತಕ ಹುಡುಕಿ, ಬಾನೆಟ್ ಎತ್ತಿ. ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆತನ್ನಿ, ಜೊತೆಗೆ ಐಟಿಐ ಓದುವ ಒಬ್ಬ ಹುಡುಗನನ್ನೂ ಕರೆಯಿರಿ. ಚಾಚಾ ಅವರ ಕಿವಿಯಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಜೀಪಿನ ವಾಟರ್ ಪಂಪ್ ಕೂರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದೆವು. ದಶಕಗಳ ಗ್ರೀಸು, ಎರೆ ಮಣ್ಣು ಪದರ ಪದರವಾಗಿ ಬಿಟ್ಟಿತು. ಅಡಿಯಿಂದ ಒಂದೊಂದೇ ಅಂಕಿ ಎದ್ದುಬಂತು. ಚಾಚಾ ಬ್ಯಾಟರಿ ಬಿಟ್ಟು ಓದುತ್ತ ಹೋದರು, ನಾನು ಆರ್‌ಸಿ ಪುಸ್ತಕದ ಮಾಸಿದ ಶಾಯಿಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಕೊನೆಯ ಅಂಕಿಯೂ ಕೂಡಿತು. “ಅದೇ ಅದ್ರಿ” ಎಂದು ಚಾಚಾ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹ್ಯಾಂಡಲ್ ಕೈಗೆತ್ತಿಕೊಂಡರು.